ಮೈಯೊಳಗೆ ಕೇಳಿದ 'ದೊಂಗ'

ಕೈಯಲ್ಲಿರುವ ಈ ಬಾದಾಮಿ ಮಾವಿನ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಶ್ರೀನಿವಾಸಪುರದ ತೋಪಿನಲ್ಲಿ ಕಾಯಿ ಕೀಳಿಸುತ್ತಿದ್ದಾಗ ಕಡಜದ ದಂಡೇ ನನ್ನ ಮೇಲೆ ಬಿತ್ತು. ನನ್ನ ಮೈಯ ರೋಗನಿರೋಧಕ ಶಕ್ತಿ ಮುಳಬಾಗಿಲಿನವರೆಗೂ ಹೆಸರುವಾಸಿ, ಹಾಗಾಗಿ ನಕ್ಕೆ. ನಗು ಮುಗಿಯುವುದರೊಳಗೆ ಮೈಯೆಲ್ಲ ದದ್ದು, ತುಟಿ ದಪ್ಪ, ಉಸಿರೇ ಆಡದು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೊಡೆಗೊಂದು ಇಂಜೆಕ್ಷನ್ ಚುಚ್ಚಿದರು. ಉಸಿರು ಮರಳಿದ ಮೇಲೆ ಕೇಳಿದೆ, "ಅಷ್ಟೊಂದು ವಿಷ ಏರಿತ್ತಾ ಅಮ್ಮಾ?"

"ವಿಷ ಸಾಸಿವೆಯಷ್ಟೂ ಇಲ್ಲ ಅಂಕಲ್. ನಮ್ಮ ಕಡೆ ಊರಲ್ಲಿ ಯಾರಾದ್ರೂ ತೆಲುಗಲ್ಲಿ 'ದೊಂಗ, ದೊಂಗ' ಅಂತ ಕೂಗಿದ್ರೆ ಏನಾಗುತ್ತೆ?"

"ಕಳ್ಳ ಯಾರು ಅಂತಲೂ ನೋಡದೆ ಊರೆಲ್ಲ ದೊಣ್ಣೆ ಹಿಡ್ಕೊಂಡು ಬರುತ್ತೆ."

"ನಿಮ್ಮ ಮೈಯಲ್ಲೂ ಅದೇ ಆಗಿದ್ದು. ಒಂದು ಜೀವಕೋಶ ಕೂಗ್ತು, ಪಕ್ಕದ್ದು ಕೇಳಿಸ್ಕೊಂಡು ಇನ್ನೊಂದಕ್ಕೆ ದಾಟಿಸ್ತು. ಬಂದವರೆಲ್ಲ ಕಡಜ ಬಿಟ್ಟು ನಿಮ್ಮ ಕತ್ತನ್ನೇ ಹಿಡಿದ್ರು. ಇಂಜೆಕ್ಷನ್ ಹೋಗಿ 'ಬಿಡ್ರೋ, ಇವ್ರು ನಮ್ಮೋರು' ಅಂತು."

ಬಾಯಿಲ್ಲದ ಕೋಶಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮೈತುಂಬ ಸುದ್ದಿ ಮುಟ್ಟಿಸಿದ್ದವು. ನಮ್ಮೂರ ಅರಳಿಕಟ್ಟೆಗೂ ಆ ವೇಗವಿಲ್ಲ.

ಒಂದು ಸಣ್ಣ ವಿವರ ಮಾತ್ರ ನಾನೇ ಸೇರಿಸಿದ್ದು. ಕಡಜದ ದಂಡು ಅಂದೆನಲ್ಲ, ಕಚ್ಚಿದ್ದು ಒಂದೇ ಕಡಜ. ದಂಡು ಕಟ್ಟಿಕೊಂಡು ಬಂದವರು ನನ್ನೊಳಗಿನವರೇ.