ಹದಿನಾಲ್ಕನೇ ಸಾಲು
ಬೂದಿಗೆರೆಯಲ್ಲಿ ಏನು ಟೈಪ್ ಮಾಡಿಸಬೇಕಾದರೂ ವಾಣಿಶ್ರೀಯ ಅಂಗಡಿಗೇ ಹೋಗಬೇಕು, ಹೋದವರು ಬೈಸಿಕೊಂಡೇ ಬರಬೇಕು. ಊರಿಗೆಲ್ಲ ವರ್ಡ್ ಸಾಕಾದರೆ ಇವಳು ಮಾತ್ರ ಕಪ್ಪು ಪರದೆಯ ಮೇಲೆ ಕಮಾಂಡ್ ಬರೆದೇ ಪುಟ ಕಟ್ಟುತ್ತಾಳೆ. ಅಂಕಿಗಳು ಕನ್ನಡದವೇ ಆಗಬೇಕು. ಪಟ್ಟಿಯಲ್ಲಿ ಒಂಬತ್ತರ ಮುಂದಿನ ಚುಕ್ಕಿಯ ಕೆಳಗೆ ಹತ್ತರ ಮುಂದಿನ ಚುಕ್ಕಿ ಕೂದಲೆಳೆಯಷ್ಟು ಸರಿದರೂ ಹಾಳೆಯನ್ನೇ ಹರಿದುಹಾಕುತ್ತಾಳೆ. "ಕನ್ನಡ ಅಂಕಿ ಯಾರಿಗಮ್ಮಾ ಗೊತ್ತಾಗುತ್ತೆ?" ಎಂದ ಮೇಷ್ಟರಿಗೆ, "ಕಲ್ತ್ಕೊಳ್ಳಿ ಸಾರ್, ಹತ್ತೇ ಅಲ್ವಾ ಇರೋದು" ಎಂದಿದ್ದಳು. ಸರ್ಕಾರಕ್ಕೆ ಜಮೀನು ಬಿಟ್ಟುಕೊಡುವುದಿಲ್ಲವೆಂದು ಊರವರು ವರ್ಷವರ್ಷವೂ ಕೊಡುವ ತಕರಾರು ಅರ್ಜಿಗೆ ಹೆಸರುಗಳ ಪಟ್ಟಿ ಮಾಡುವವಳೂ ಇವಳೇ. ನಡುವೆ ಒಂದು ಹೆಸರು ಅಳಿಸಿದರೆ ಕೆಳಗಿನವರ ಸಂಖ್ಯೆ ತಾನಾಗಿಯೇ ಬದಲಾಗುತ್ತದಲ್ಲ, ಆ ಕಮಾಂಡನ್ನೇ ಕಿತ್ತುಹಾಕಿ ಒಂದೊಂದು ಹೆಸರಿಗೂ ಅದರದೇ ಸಂಖ್ಯೆಯನ್ನು ಕೈಯಾರೆ ಬರೆದಿದ್ದಾಳೆ. ಹದಿನಾಲ್ಕು ಅವಳ ತಾಯಿ ಮುನಿತಾಯಮ್ಮನದು, ಹದಿನೈದು ಅವಳದು. ತಾಯಿ ತೀರಿಕೊಂಡ ಮೇಲೆ ಅರ್ಜಿಯ ಹೊಸ ಪ್ರತಿ ಕೊಡಲು ಹೋದಾಗ ಭೂಸ್ವಾಧೀನ ಕಚೇರಿಯ ಗುಮಾಸ್ತ, "ಹದ್ನಾಲ್ಕು ಖಾಲಿ ಐತಲ್ಲಮ್ಮಾ, ನಿನ್ ಹೆಸ್ರನ್ನೇ ಮೇಲಕ್ಕೆ ತಂದ್ಬಿಡು" ಎಂದ. ವಾಣಿಶ್ರೀ ಹಾಳೆಯನ್ನು ಅವನ ಮುಂದಕ್ಕೇ ತಳ್ಳಿದಳು: "ಸತ್ತಿರೋದು ನಮ್ಮಮ್ಮ ಸಾರ್, ತಕರಾರಲ್ಲ. ಹದ್ನಾಲ್ಕು ಅಲ್ಲೇ ಇರುತ್ತೆ. ಸೀಲ್ ಹಾಕಿ."