ಟವೆಲ್ಲಿನ ಕೆಳಗಿನ ದರ

ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನದೊಂದು ಬಾಳೆಹಣ್ಣಿನ ಅಂಗಡಿ. ತಳ್ಳುಗಾಡಿಯಿಂದ ಅಲ್ಲಿಗೆ ಬಂದವನು ನಾನು, ಬರೀ ಚೌಕಾಶಿಯ ಬಲದಿಂದ. ಕಮಲಾಪುರದ ತೋಟಗಳಲ್ಲಿ ಕೆಂಪು ಬಾಳೆ ಕೊಳ್ಳುವಾಗ ನಾವು ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಬೆಳೆಗಾರನ ಕೈ ಹಿಡಿದು, ಬೆರಳೊತ್ತಿ ತಿಳಿಸುವುದು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು.

ನನ್ನ ಪರವಾಗಿ ಅಲ್ಲಿ ಖರೀದಿ ಮಾಡುತ್ತಿದ್ದ ಅಜ್ಜ ಮೊಣಕಾಲು ನೋವೆಂದು ಕೆಲಸ ಬಿಟ್ಟ. ಬೇರೆಯವರನ್ನು ಹುಡುಕುತ್ತಿದ್ದಾಗ, ತೋಟದಲ್ಲಿ ಗೊನೆ ಹೊರುವ ಹೆಂಗಸೊಬ್ಬಳು ಎದುರು ಬಂದು ನಿಂತಳು. ಗೊನೆ ನೋಡಿದರೆ ಸಾಕು, ಎಷ್ಟು ದಿನಕ್ಕೆ ಹಣ್ಣಾಗುತ್ತದೆಂದು ಹೇಳುವವಳು. ನನ್ನ ಲೆಕ್ಕವನ್ನೇ ಎಷ್ಟೋ ಸಲ ತಿದ್ದಿದ್ದಳು.

"ಆ ಕೆಲಸ ನನಗ ಕೊಡ್ರಿ, ಸಾವ್ಕಾರ್ರ."

"ಟವೆಲ್ ಕೆಳಗ ಗಂಡಸರ ಕೈ ಹಿಡೀತಿ ಏನವಾ?" ಎಂದೆ. ಸುತ್ತಲಿದ್ದವರು ನಕ್ಕರು.

ಅವಳು ನಗಲಿಲ್ಲ. "ಬಾಳಿಹಣ್ಣು ತಗೊಳ್ಳಾಕ ಕೈ ಯಾಕ ಹಿಡೀಬೇಕ್ರಿ? ಬಾಯಿ ಅದ ಅಲ್ಲ?"

ಕಲಬುರಗಿ ತಲುಪುವವರೆಗೂ ಅದೇ ಮಾತು ತಲೆಯಲ್ಲಿ. ಕೆಲಸ ಬಲ್ಲವಳನ್ನು ಇಷ್ಟು ವರ್ಷ ದೂರ ಇಟ್ಟದ್ದು ಒಂದು ಟವೆಲ್ಲೇ? ನೋಡೇ ಬಿಡೋಣವೆಂದು ಒಂದು ದಿನದ ಖರೀದಿ ಅವಳಿಗೆ ಬಿಟ್ಟು, ನಾನು ಬದಿಗೆ ನಿಂತೆ.

ಅವಳು ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಒಂದೇ ದರ ಕೂಗಿದಳು. ಹಿರಿಯ ಬೆಳೆಗಾರನೊಬ್ಬ ಹುಬ್ಬೇರಿಸಿದ.

"ಹಂಗಾದ್ರ ನನಗ ಇಷ್ಟು ದಿನ ಕಡಿಮಿ ಯಾಕ ಸಿಗತಿತ್ತು?"

"ಅದನ್ನ ಸಾವ್ಕಾರ್ರಿಗೆ ಕೇಳ್ರಿ, ಕಾಕಾ. ನಿಮ್ಮ ಗೊನಿ ಚೊಲೋ ಅವ, ಇದೇ ದರ. ಆ ಮೂಲ್ಯಾಗಿನವು ಸಿಪ್ಪಿ ಒಡದಾವ, ಅವು ಬ್ಯಾಡ."

ನನ್ನ ಕಿವಿ ಬಿಸಿಯಾಯಿತು. ಆದರೆ ಆ ಕಾಕಾ ತೋಟದ ಗುಡಿಸಲೊಳಗೆ ಹೋಗಿ, ಬೇರೆ ವ್ಯಾಪಾರಿಗೆಂದು ಎತ್ತಿಟ್ಟಿದ್ದ ಗೊನೆಗಳನ್ನೂ ಹೊರಗೆ ತಂದ. ಅಂಥ ಗೊನೆಗಳನ್ನು ಅವನು ನನಗೆ ಯಾವತ್ತೂ ತೋರಿಸಿರಲಿಲ್ಲ. ಮಧ್ಯಾಹ್ನದೊಳಗೆ ಗಾಡಿ ತುಂಬಿತು.

ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು ಹೇಳುತ್ತೇನೆ. ಈ ಕೆಲಸ ಇವರಿಂದ ಆಗದು ಎನ್ನುವ ಮೊದಲು, ಅಡ್ಡ ಬಂದಿರುವುದು ಅವರ ಕೈಯೋ ನಿಮ್ಮ ರೂಢಿಯೋ ನೋಡಿಕೊಳ್ಳಿ.

"ಕೆಲಸ ನಿಂದೇ, ತಂಗಿ," ಎಂದೆ.

"ಮತ್ತ ಪಗಾರ?"

ನನ್ನ ಕೈ ತಾನಾಗಿ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು.

"ಅಜ್ಜಗ ಏನು ಕೊಡ್ತಿದ್ರಿ? ಜೋರಾಗಿ ಹೇಳ್ರಿ, ಎಲ್ಲಾರೂ ಕೇಳ್ಲಿ."

ಹೇಳಿದೆ. ಅಷ್ಟೇ ಅವಳಿಗೂ ಎಂದು ಅಷ್ಟೇ ಜೋರಾಗಿ ಹೇಳಿದೆ.