ಮೈದುನ ಎತ್ತಿದ ಕೈ

ದುರ್ಗಿ ಮದುವೆಯಾಗಿ ಈ ಕೇರಿಗೆ ಬಂದಾಗ ಮೈದುನ ತುಳಸಿದಾಸ ಇನ್ನೂ ಚಡ್ಡಿ ಹಾಕುವ ಹುಡುಗ. ತಾಯಿ ಇರಲಿಲ್ಲ. ಅವನ ತಲೆಗೆ ಎಣ್ಣೆ ಹಚ್ಚಿದ್ದು, ಜ್ವರ ಬಂದರೆ ಗಂಜಿ ಕುಡಿಸಿದ್ದು, ಶಾಲೆಗೆ ಅಟ್ಟಿದ್ದು ಎಲ್ಲ ಇವಳೇ. ಗಂಡ ದೋಣಿ ಮಗುಚಿ ಸತ್ತ ಮೇಲೂ ತವರಿಗೆ ಮರಳಲಿಲ್ಲ.

ಕಾರವಾರ–ಅಂಕೋಲಾ ನಡುವಿನ ಆ ದಂಡೆಯಲ್ಲಿ, ಹಳ್ಳ ಸಮುದ್ರ ಸೇರುವಲ್ಲಿ, ಒಂದು ಮರಳಿನ ಬಯಲಿತ್ತು. ಮಳೆಗಾಲ ಮುಗಿದರೆ ಕೇರಿಯ ಹೆಂಗಸರೆಲ್ಲ ಅಲ್ಲಿ ಬಂಗಡೆ, ಸಿಗಡಿ ಒಣಗಿಸುತ್ತಿದ್ದರು. ಆ ಒಣಮೀನನ್ನು ಬುಟ್ಟಿಯಲ್ಲಿ ಹೊತ್ತು ಅಂಕೋಲಾ ಪೇಟೆಗೆ, ಶೆಟಗೇರಿಯ ಮನೆಮನೆಗೆ ಹೋಗಿ ಮಾರಿಯೇ ದುರ್ಗಿ ಬದುಕಿದ್ದು.

ತುಳಸಿದಾಸ ಪಂಚಾಯ್ತಿ ಚುನಾವಣೆಗೆ ನಿಂತಾಗ ಅವಳು ಬುಟ್ಟಿ ಇಳಿಸಿ ಅವನಿಗಾಗಿ ಮತ ಕೇಳಿದಳು. ಅವನು ಗೆದ್ದ. ಮರುವರ್ಷ ಪಂಚಾಯ್ತಿಯವರು ಯಾರನ್ನೂ ಕೇಳದೆ ಆ ಬಯಲನ್ನು ಪ್ರವಾಸಿಗರ ವಾಹನ ನಿಲ್ಲಿಸಲಿಕ್ಕೂ ಅಂಗಡಿ ಸಾಲಿಗೂ ಕೊಡುವ ಠರಾವು ಮಾಡಿದರು. ತುಳಸಿದಾಸ ವಿರೋಧಿಸಿ ಸಭೆಯಿಂದ ಎದ್ದು ಬಂದ. ಕೋರ್ಟಿಗೆ ಹೋಗುವ ಎಂದವನೂ ಅವನೇ. ಅತ್ತಿಗೆಯನ್ನೂ ಪಕ್ಕದ ಮನೆಯ ಹೊನ್ನಿಯನ್ನೂ ಧಾರವಾಡಕ್ಕೆ ಕರೆದೊಯ್ದು ವಕೀಲರನ್ನು ಹಿಡಿದು ಹೈಕೋರ್ಟ್ ಪೀಠದಲ್ಲಿ ಅರ್ಜಿ ಹಾಕಿಸಿದ. ಅರೆಬೈಲ್ ಘಟ್ಟದ ತಿರುವಿನಲ್ಲಿ ಅವಳಿಗೆ ವಾಂತಿಯಾದಾಗ ಬೆನ್ನು ನೀವಿದ.

ತೀರ್ಪು ಹೆಂಗಸರ ಪರವಾಗಿ ಬಂತು. ಹಳೆಯ ಠರಾವು ರದ್ದು; ಮೀನು ಒಣಗಿಸುವವರ ಮಾತು ಕೇಳಿ ಪಂಚಾಯ್ತಿ ಹೊಸದಾಗಿ ತೀರ್ಮಾನ ಮಾಡಬೇಕು ಎಂದಿತ್ತು ಕೋರ್ಟು. ಕೇರಿಯಲ್ಲಿ ಸಿಹಿ ಹಂಚಿದರು. ದುರ್ಗಿ ತುಳಸಿದಾಸನಿಗೆ ಇಷ್ಟವೆಂದು ಸಿಗಡಿ ಸುಕ್ಕಾ ಮಾಡಿ ಕಳಿಸಿದಳು.

ವಿಶೇಷ ಸಭೆಯ ದಿನ ಹೆಂಗಸರು ಒಬ್ಬೊಬ್ಬರಾಗಿ ಮಾತಾಡಿದರು. ಮೈಕು ಹಿಡಿದು ಗೊತ್ತಿಲ್ಲದ ದುರ್ಗಿ, ಆ ಮರಳು ಹೋದರೆ ನಾವು ಮೀನನ್ನು ಎಲ್ಲಿ ಹರಡುವುದು ಎಂದಷ್ಟೇ ಕೇಳಿ ಕೂತಳು. ಅಧ್ಯಕ್ಷರು ಎಲ್ಲವನ್ನೂ ತಾಳ್ಮೆಯಿಂದ ಬರೆಸಿಕೊಂಡರು. ಆಮೇಲೆ, ಅಂಗಡಿ ಸಾಲು ಆಗಲಿ ಎನ್ನುವ ಸದಸ್ಯರು ಕೈ ಎತ್ತಿ ಎಂದರು.

ತುಳಸಿದಾಸ ಕೈ ಎತ್ತಿದ.

ತಪ್ಪಿ ಎತ್ತಿದನೇನೋ ಎಂದು ದುರ್ಗಿ ನೋಡಿದಳು. ಅವನು ಇತ್ತ ತಿರುಗಲಿಲ್ಲ, ಕೈ ಇಳಿಸಲೂ ಇಲ್ಲ.

ಹೊರಗೆ ಜಗಲಿಯಲ್ಲಿ ಅವಳು ಅವನನ್ನು ತಡೆದು ನಿಲ್ಲಿಸಿದಳು. "ಎಂತಕ್ಕೆ ಹೀಂಗೆ ಮಾಡ್ದೆ, ತುಳಸಿ?"

"ನಿಮ್ಮ ಮಾತು ಕೇಳ್ಬೇಕು ಅಂತ ಕೋರ್ಟು ಹೇಳಿತ್ತು, ಅತ್ತಿಗೆ," ಎಂದ ಅವನು. "ಕೇಳಿದ್ವಲ್ಲ."

ಬೇಸಿಗೆಯೊಳಗೆ ಜೆಸಿಬಿ ಬಂತು. ಬಯಲಿಗೆ ಸಿಮೆಂಟು ಇಟ್ಟಿಗೆ ಹಾಸಿದರು. ಅಂಗಡಿ ಸಾಲಿನಲ್ಲಿ ರಸ್ತೆಗೆ ಹತ್ತಿರದ ಮಳಿಗೆ ತುಳಸಿದಾಸನ ಮಗ ಕಿಶೋರನಿಗೆ ಸಿಕ್ಕಿತು. ಕೋರ್ಟಿನ ತೀರ್ಪು ಬರುವ ಹೊತ್ತಿಗೇ ಆ ಮಳಿಗೆ ಮಗನಿಗೆಂದು ಅಧ್ಯಕ್ಷರ ಜೊತೆ ಅವನ ಮಾತು ಆಗಿತ್ತಂತೆ. ಇದನ್ನು ಕೇಳಿದ ದಿನ ದುರ್ಗಿ ಉಣ್ಣಲಿಲ್ಲ. ಅವನು ಎದುರಿಗೆ ಬಂದು ಜಗಳಾಡಿದ್ದರೆ ಇಷ್ಟು ಸುಡುತ್ತಿರಲಿಲ್ಲ, ನಾನು ಮಾಡಿ ಕಳಿಸಿದ ಸುಕ್ಕಾ ತಿಂದನಲ್ಲ ಎಂದು ಹೊನ್ನಿಯ ಹತ್ತಿರ ಹೇಳಿಕೊಂಡಳು.

ಈ ಸಲ ಅವರಿಬ್ಬರೇ ಬಸ್ಸು ಹಿಡಿದು ಧಾರವಾಡಕ್ಕೆ ಹೋದರು. ವಕೀಲರು ಎಲ್ಲ ಕೇಳಿ, ಸಭೆ ಕಾನೂನಿನ ಪ್ರಕಾರವೇ ನಡೆದಿದೆ, ಹಾಗಾಗಿ ಕಷ್ಟ ಎಂದರು. ಒಂದೇ ದಾರಿಯಿತ್ತು: ಸ್ವಂತ ಮಗನಿಗೆ ಲಾಭವಿರುವ ವಿಷಯದಲ್ಲಿ ಸದಸ್ಯನೊಬ್ಬ ಮತ ಹಾಕಿದ್ದು ತಪ್ಪು ಎಂದು ವಾದಿಸಬಹುದು. ಆದರೆ ಆಗ ಅವನ ಹೆಸರು ಬರೆಸಿ ಅವನನ್ನೂ ಎದುರುದಾರನನ್ನಾಗಿ ಮಾಡಬೇಕು.

ದುರ್ಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಬರೀರಿ," ಎಂದಳು ದುರ್ಗಿ.

ನೋಟಿಸು ಮುಟ್ಟಿದ ಸಂಜೆ ತುಳಸಿದಾಸ ಅವಳ ಅಂಗಳಕ್ಕೆ ಬಂದ. ಮನೆಯ ಹೆಸರು ಕೋರ್ಟಿಗೆ ಎಳೆದಿರಲ್ಲ, ಅಣ್ಣ ಇದ್ದಿದ್ದರೆ ಹೀಗೆ ಮಾಡಿಸುತ್ತಿದ್ದನೇ ಎಂದ. ದುರ್ಗಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅವನು ಹೊರಟುಹೋದ.

ಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಕೇಸು ಇನ್ನೂ ನಡೆದಿದೆ. ಕಿಶೋರನ ಅಂಗಡಿಯಲ್ಲಿ ಎಳನೀರು, ಚಿಪ್ಸು ಚೆನ್ನಾಗಿ ಹೋಗುತ್ತವೆ. ದುರ್ಗಿ ಹೊನ್ನಿಯ ಮನೆಯ ತಾರಸಿಯ ಮೇಲೆ ಬಲೆ ಹಾಸಿ ಸಿಗಡಿ ಒಣಗಿಸುತ್ತಾಳೆ. ಜಾಗ ಸಾಲದು, ಕಾಗೆಗಳ ಕಾಟ ಬೇರೆ.